ನಾಗವಾರ, ಥಣಿಸಂದ್ರ, ಹೆಣ್ಣೂರು ಕಡೆ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಈ ಮೂಲೆಯಲ್ಲಿ ಹದಿಮೂರು ವರ್ಷದಿಂದ ಬಾಡಿಗೆಗಿದ್ದೇನೆ. ಇದು ನಾಲ್ಕನೇ ಮನೆ. ಊರ ಕಡೆಯವರಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತೆಂದರೆ ಮೊದಲ ಫೋನು ನನಗೇ ಬರುತ್ತದೆ. ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದಿಡೋಣ ಎನಿಸಿತು.

ಯಾವ ಏರಿಯಾ ಬಗ್ಗೆ ಹೇಳ್ತಿದ್ದೀರಿ?

ಹೊರ ವರ್ತುಲ ರಸ್ತೆಯ ನಾಗವಾರ ಜಂಕ್ಷನ್ನಿನಲ್ಲಿ ನಿಂತುಕೊಳ್ಳಿ. ಉತ್ತರಕ್ಕೆ ಥಣಿಸಂದ್ರ ಮುಖ್ಯರಸ್ತೆ, ಅದರ ಮೇಲೆ ಹೆಗಡೆನಗರ. ದಕ್ಷಿಣಕ್ಕೆ ಕಾಡುಗೊಂಡನಹಳ್ಳಿ ದಾಟಿ ಟ್ಯಾನರಿ ರಸ್ತೆ, ಫ್ರೇಜರ್ ಟೌನ್. ಪೂರ್ವಕ್ಕೆ ಎಚ್‌ಬಿಆರ್ ಲೇಔಟ್, ಹೆಣ್ಣೂರು ಕ್ರಾಸ್, ಕಲ್ಯಾಣನಗರ, ಅದರ ಬೆನ್ನಿಗೆ ಕಮ್ಮನಹಳ್ಳಿ. ಹೆಣ್ಣೂರು ರಸ್ತೆ ಹಿಡಿದು ಹೊರಗೆ ಹೋದರೆ ಕೊತ್ತನೂರು. ಸುಮಾರಾಗಿ ಇಷ್ಟು.

ಒಂದು ಎಚ್ಚರಿಕೆ: ಎಚ್‌ಬಿಆರ್ ಬೇರೆ, ಎಚ್‌ಆರ್‌ಬಿಆರ್ ಬೇರೆ. ಎರಡನೆಯದು ಕಲ್ಯಾಣನಗರ, ಬಾಣಸವಾಡಿ ಕಡೆಗಿದೆ. ಮನೆ ನೋಡಲು ಬಂದವರು ಒಂದರ ಬದಲು ಇನ್ನೊಂದಕ್ಕೆ ಆಟೋ ಹಿಡಿದು, ಆಟೋದವರ ಜೊತೆ ಜಗಳ ಕಾದು, ಕೊನೆಗೆ ನನಗೆ ಫೋನು ಮಾಡಿದ್ದು ಎಷ್ಟು ಸಲವೋ.

ಈ ಕಡೆ ಬಾಡಿಗೆ ಯಾಕೆ ಹೀಗೆ ಏರ್ತಿದೆ?

ಮೊದಲ ಕಾರಣ ಮಾನ್ಯತಾ. ಲಕ್ಷಕ್ಕೂ ಮೀರಿದ ಜನ ಒಂದೇ ಕಾಂಪೌಂಡಿನೊಳಗೆ ಕೆಲಸ ಮಾಡಿದರೆ, ಕಾಂಪೌಂಡಿನ ಹೊರಗೆ ಅವರಿಗೆ ಮಲಗಲು ಜಾಗ ಬೇಕು. ಎರಡನೆಯದು ಮೆಟ್ರೋ. ಕಾಳೇನ ಅಗ್ರಹಾರದಿಂದ ಬರುವ ಗುಲಾಬಿ ಮಾರ್ಗ, 21 ಕಿಲೋಮೀಟರಿನದು, ಕೊನೆಯಾಗುವುದು ನಾಗವಾರದಲ್ಲಿ. ಕೆ.ಆರ್.ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗವೂ ಇಲ್ಲೇ ಬಂದು ಕೂಡುತ್ತದೆ. ಗಡುವುಗಳು ಎಷ್ಟು ಸಲ ಮುಂದೆ ಹೋದವೋ ಲೆಕ್ಕ ಬಿಟ್ಟಿದ್ದೇವೆ, ಆದರೆ ಬಾಡಿಗೆ ಮಾತ್ರ ಗಡುವಿಗೆ ಕಾಯಲಿಲ್ಲ. ಕಂಬ ಎದ್ದ ದಿನವೇ ಮಾಲೀಕರು "ಮೆಟ್ರೋ ಬರ್ತಾ ಇದೆ ಸಾರ್" ಅನ್ನಲು ಶುರು ಮಾಡಿದರು. ನಾನಂತೂ ಐದು ವರ್ಷ ಇನ್ನೂ ಓಡದ ರೈಲಿಗೆ ಬಾಡಿಗೆ ಕಟ್ಟಿದ್ದೇನೆ. ಚೌಕಾಸಿ ಮಾಡುವಾಗ ಈ ಮಾತನ್ನು ನಗುತ್ತಲೇ ಹೇಳಿ, ಒಂದೆರಡು ಸಾವಿರ ಇಳಿಯುವುದುಂಟು.

ಹಾಗಾದರೆ ಎಷ್ಟು ಇಟ್ಟುಕೊಂಡು ಬರಬೇಕು?

ನಾನು ಕಂಡಂತೆ ಒಳಗಿನ ಅಡ್ಡರಸ್ತೆಗಳಲ್ಲಿ, ಸ್ವಂತ ಮನೆಯ ಮೇಲೆ ಕಟ್ಟಿಸಿದ ಒಂದು ಬೆಡ್‌ರೂಮಿನ ಪೋರ್ಷನ್‌ಗೆ ಹನ್ನೆರಡರಿಂದ ಹದಿನೆಂಟು ಸಾವಿರ, ಎರಡು ಬೆಡ್‌ರೂಮಿಗೆ ಇಪ್ಪತ್ತರಿಂದ ಮೂವತ್ತು. ಸೆಕ್ಯೂರಿಟಿ, ಲಿಫ್ಟು, ಈಜುಕೊಳ ಇರುವ ಅಪಾರ್ಟ್‌ಮೆಂಟಿನ ಲೆಕ್ಕವೇ ಬೇರೆ, ಮೇಂಟೆನೆನ್ಸು ಅದರ ಮೇಲೆ. ಆದರೆ ಬೋರ್ಡಿನ ಮೇಲಿನ ಬಾಡಿಗೆ ಪೂರ್ತಿ ಬಾಡಿಗೆಯಲ್ಲ. ನೀರು, ಅಡ್ವಾನ್ಸಿನ ಬಡ್ಡಿ, ಬಿಡುವಾಗ ಮುರಿದುಕೊಳ್ಳುವ ಪೇಂಟಿಂಗ್, ಇವೆಲ್ಲ ಸೇರಿದರೇ ಅಸಲು ಬಾಡಿಗೆ. ಮುಂದೆ ಬರೆದಿರುವುದೆಲ್ಲ ಬಹುಮಟ್ಟಿಗೆ ಅದರ ಬಗ್ಗೆಯೇ.

ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳ್ತಾರೆ. ಎರಡೇ ತಿಂಗಳು ಅಂತ ಕಾನೂನು ಬಂದಿದೆಯಲ್ಲ?

ವಾಟ್ಸ್‌ಆ್ಯಪಿನಲ್ಲಿ ಬಂದಿದೆ. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ್ದು ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದು ಅದರಲ್ಲಿರುವುದು ನಿಜ. ಆದರೆ ಮಾದರಿ ಎಂದರೆ ಮಾದರಿ. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರಷ್ಟೇ ಜಾರಿ. ಅದನ್ನು ತೋರಿಸಿ ಮಾಲೀಕರ ಮುಂದೆ ವಾದ ಹೂಡಿದ ನನ್ನ ಚಿಕ್ಕಪ್ಪನ ಮಗನಿಗೆ ಸಿಕ್ಕ ಉತ್ತರ: "ಒಳ್ಳೆದಪ್ಪ, ಆ ಕಾನೂನು ಇರೋ ಊರಲ್ಲೇ ಮನೆ ನೋಡ್ಕೋ."

ಇನ್ನು ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇವತ್ತು ಇಲ್ಲಿ ಬೈಕ್ ನಿಲ್ಲಿಸುವ ಶೆಡ್ಡು ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೂ ಮಾಲೀಕರಿಗೂ ಇರುವ ಆಧಾರ ನೀವಿಬ್ಬರೂ ಸಹಿ ಹಾಕಿದ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಹತ್ತು ತಿಂಗಳ ಪದ್ಧತಿ ಈಗ ಸಡಿಲವಾಗಿದೆ, ಐದಾರು ತಿಂಗಳಿಗೆ ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ಸಾವಿರ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡು ಲಕ್ಷ. ಅದಕ್ಕೆ ಬ್ಯಾಂಕಿನಲ್ಲಿ ಶೇಕಡಾ ಏಳು ಬಡ್ಡಿ ಹಿಡಿದರೂ ವರ್ಷಕ್ಕೆ ಹದಿನಾಲ್ಕು ಸಾವಿರ. ತಿಂಗಳಿಗೆ ಸಾವಿರದ ನೂರ ಚಿಲ್ಲರೆ ನೀವು ಕಣ್ಣಿಗೆ ಕಾಣದೆ ಕಟ್ಟುತ್ತಿದ್ದೀರಿ. ಅಡ್ವಾನ್ಸ್ ನಗದಾಗಿ ಕೊಡಬೇಡಿ. ಅರ್ಧ ಕ್ಯಾಶ್ ಕೊಡಿ ಎಂದರೆ, ವಾಪಸ್ ಕೇಳುವ ದಿನ ಆ ಅರ್ಧ ಯಾರಿಗೂ ನೆನಪಿರುವುದಿಲ್ಲ.

ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ?

ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. 11 ತಿಂಗಳಿಗಾದರೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಮುಗಿಯುತ್ತದೆ. ಅಷ್ಟೇ ಗುಟ್ಟು. ಅಂಗಡಿಯವರು ಕೊಡುವ ಸಿದ್ಧ ನಮೂನೆಗೆ ಕಣ್ಣುಮುಚ್ಚಿ ಸಹಿ ಮಾಡಬೇಡಿ. ಬಾಡಿಗೆ ಯಾವಾಗ, ಶೇಕಡಾ ಎಷ್ಟು ಏರುತ್ತದೆ, ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಟ್ಯಾಂಕರ್ ನೀರಿನ ದುಡ್ಡು ಯಾರದ್ದು, ಈ ಆರು ವಿಷಯ ಬರಹದಲ್ಲಿರಲಿ. ಮಿಕ್ಕಿದ್ದರಲ್ಲಿ ಕಾಗುಣಿತ ತಪ್ಪಿದ್ದರೂ ನಡೆಯುತ್ತದೆ.

ನೀರು ಹೇಗಿದೆ? ಮಾಲೀಕರು "24 ಗಂಟೆ ನೀರು" ಅಂತಾರೆ.

ಎಲ್ಲರೂ ಹಾಗೇ ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ನೀರು ಇದೆಯಾ ಎಂದಲ್ಲ, ಎಲ್ಲಿಂದ ಬರುತ್ತದೆ ಎಂದು. ಕಾವೇರಿ ನೀರೋ, ಬೋರ್ ನೀರೋ, ಟ್ಯಾಂಕರೋ? ಸಾಮಾನ್ಯವಾಗಿ ಮೂರೂ ಒಂದೇ ಸಂಪಿಗೆ ಬಂದು ಬೀಳುತ್ತವೆ, ನಲ್ಲಿಯಲ್ಲಿ ಬರುವಾಗ ಯಾವುದು ಯಾವುದೆಂದು ದೇವರಿಗೂ ಗೊತ್ತಿರುವುದಿಲ್ಲ.

ಕಾವೇರಿ ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪಾಗಿ ಬರುವ ನೀರು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಹಳ್ಳಿಯಿಂದ ಬಡಾವಣೆಯಾದ ಹೊರಗಿನ ಏರಿಯಾಗಳಲ್ಲಿ ಕೆಲವು ಬೀದಿಗೆ ಪೈಪು ಬಂದಿದೆ, ಪಕ್ಕದ ಬೀದಿಗೆ ಬಂದಿಲ್ಲ. ಪೈಪು ಬಂದ ಬೀದಿಯಲ್ಲೂ ಕನೆಕ್ಷನ್ ತೆಗೆದುಕೊಳ್ಳದ ಮನೆಗಳಿವೆ. ಆದ್ದರಿಂದ ಏರಿಯಾಗೆ ಕಾವೇರಿ ಇದೆಯಾ ಎಂದು ಕೇಳಬೇಡಿ. ಈ ಮನೆಯ ಜಲಮಂಡಳಿ ಬಿಲ್ಲು ತೋರಿಸಿ ಎನ್ನಿ. ಬಿಲ್ಲಿದ್ದರೆ ತೋರಿಸುತ್ತಾರೆ, ಇಲ್ಲದಿದ್ದರೆ ವಿಷಯ ಬದಲಿಸುತ್ತಾರೆ.

2024ರ ಬೇಸಿಗೆ ಇಲ್ಲಿದ್ದವರು ಆ ಮಾರ್ಚ್ ತಿಂಗಳನ್ನು ಮರೆಯುವುದಿಲ್ಲ. ಬೋರುಗಳು ಒಣಗಿ ಟ್ಯಾಂಕರಿನವರು ಹೇಳಿದ್ದೇ ರೇಟು ಆದಾಗ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಆ ದರವನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಎಂಟು ಮನೆಯ ಕಟ್ಟಡ, ಮನೆಗೆ ನಾಲ್ಕು ಜನ, ಸರ್ಕಾರಿ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 4,320 ಲೀಟರ್. ಪೂರ್ತಿ ಟ್ಯಾಂಕರನ್ನೇ ನೆಚ್ಚಿಕೊಂಡರೆ ದಿನಕ್ಕೆ 432 ರೂಪಾಯಿ, ಒಂದು ಮನೆಯ ಪಾಲು 54, ತಿಂಗಳಿಗೆ 1,620. ಇದು ನಿಗದಿತ ದರದಲ್ಲಿ, ಸೋರಿಕೆಯಿಲ್ಲದೆ. ಈಗ ಹೇಳಿ, ಒಂದೂವರೆ ಸಾವಿರ ಕಡಿಮೆ ಬಾಡಿಗೆಯ ಮನೆ ನಿಜಕ್ಕೂ ಅಗ್ಗವೇ?

ಮನೆ ನೋಡಲು ಹೋದಾಗ ನಾನು ಮೊದಲು ಹೋಗುವುದು ಹಾಲಿಗಲ್ಲ, ಬಚ್ಚಲಿಗೆ. ಷವರಿನ ಮುಖವನ್ನು ನೋಡುತ್ತೇನೆ. ತೂತುಗಳ ಸುತ್ತ ಸುಣ್ಣದಂತೆ ಬಿಳಿ ಗಟ್ಟಿಯಾಗಿ ಕೂತಿದ್ದರೆ ಅದು ಗಡಸು ಬೋರ್ ನೀರು. ಗೀಸರಿನ ಕಾಯಿಲು ಬೇಗ ಹೋಗುತ್ತದೆ, ಬೇಳೆ ಬೇಯುವುದಿಲ್ಲ, ತಲೆಗೂದಲ ಬಗ್ಗೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ ನೋಡುತ್ತೇನೆ. ಮಾಲೀಕರಿಗೆ ಸ್ವಲ್ಪ ಮುಜುಗರವಾಗುತ್ತದೆ, ಆಗಲಿ. ಕೊನೆಗೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳುತ್ತೇನೆ: "ಅಣ್ಣಾ, ಆ ಬಿಲ್ಡಿಂಗಿಗೆ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ?" ಅವರು ಸುಳ್ಳು ಹೇಳಿದ್ದು ಇವತ್ತಿನವರೆಗೆ ಇಲ್ಲ.

ಮಳೆ ಬಂದರೆ?

ಹೆಬ್ಬಾಳ ಕೆರೆಯ ಹೆಚ್ಚಿನ ನೀರು ನಾಗವಾರ ಕೆರೆಗೆ, ಅಲ್ಲಿಂದ ರಾಜಕಾಲುವೆಯಲ್ಲಿ ಹೆಣ್ಣೂರು, ಹೊರಮಾವು ಕಡೆ ಹಾದು ಕಲ್ಕೆರೆಯತ್ತ ಹೋಗುವುದು ಹಳೆಯ ದಾರಿ. ಆ ದಾರಿಯ ಮೇಲೂ ಪಕ್ಕದಲ್ಲೂ ಮನೆ ಎದ್ದಿವೆ, ನೀರಿಗೆ ಇನ್ನೂ ಹಳೆಯ ದಾರಿಯೇ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಮಾನ್ಯತಾದ ಒಳಗೇ ಹೊಳೆ ಹರಿದದ್ದನ್ನು ಇಡೀ ದೇಶ ಮೊಬೈಲಿನಲ್ಲಿ ನೋಡಿತು. ಹೊರಮಾವಿನ ಸಾಯಿ ಲೇಔಟ್ 2025ರ ಮೇನಲ್ಲಿ ಮತ್ತೆ ಮುಳುಗಿತು.

ನೆಲಮಹಡಿ ಮನೆ ಬಾಡಿಗೆ ಕಡಿಮೆ ಎಂದರೆ ಗೋಡೆಯ ಬುಡ ನೋಡಿ. ನೆಲದಿಂದ ಒಂದೆರಡು ಅಡಿವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಥವಾ ಬಾಗಿಲಿಗೆ ಮೊಣಕಾಲೆತ್ತರದ ಕಟ್ಟೆ ಕಟ್ಟಿದ್ದರೆ, ಕೇಳಬೇಕಾದ್ದೇನೂ ಉಳಿದಿಲ್ಲ. ಮನೆಯನ್ನು ಮಳೆ ಬಂದ ಮರುದಿನ ನೋಡುವುದು ಅತ್ಯುತ್ತಮ.

"ನೀವು ಯಾವ ಜನ?" ಅಂತ ಕೇಳ್ತಾರೆ. ಏನು ಹೇಳಬೇಕು?

ಇದನ್ನು ಕೇಳದೆ ಇರುವ ಮಾಲೀಕರನ್ನು ಹುಡುಕುವುದು ಕಷ್ಟ, ಆದರೆ ಇಲ್ಲಿ ಇದ್ದಾರೆ. ಈ ಸುತ್ತಿನ ವಿಶೇಷವೇ ಅದು. ನನ್ನ ಈಗಿನ ಕಟ್ಟಡದಲ್ಲಿ ಕೆಳಗೆ ದಖನಿ ಉರ್ದು ಮಾತಾಡುವ ಮಾಲೀಕರ ಮನೆ, ಎದುರಿಗೆ ತಮಿಳು ಕ್ರೈಸ್ತ ಕುಟುಂಬ, ಮೇಲೆ ಮಣಿಪುರದ ಇಬ್ಬರು ನರ್ಸುಗಳು, ಅದರ ಪಕ್ಕ ರಾಯಚೂರಿನ ಹುಡುಗರು. ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಸಂಜೆ ನಡೆದರೆ ಮಲಯಾಳಿ ಬೇಕರಿ, ಅರಬ್ ಊಟ, ಮೊಮೊ, ದೋಸೆ ಎಲ್ಲ ಒಂದೇ ಉಸಿರಿನಲ್ಲಿ ಮೂಗಿಗೆ ಬರುತ್ತವೆ. ಕೊತ್ತನೂರಿನ ಕಾಲೇಜು ಕಡೆ ಆಫ್ರಿಕಾದ ವಿದ್ಯಾರ್ಥಿಗಳು, ಈಶಾನ್ಯದವರು, ನೇಪಾಳದವರು. ರಂಜಾನಿನಲ್ಲಿ ನಮ್ಮ ಬೀದಿ ರಾತ್ರಿ ಎರಡರವರೆಗೆ ಮಲಗುವುದಿಲ್ಲ, ಗಣೇಶನ ಹಬ್ಬದಲ್ಲಿ ಹತ್ತು ದಿನ ಮಲಗುವುದಿಲ್ಲ, ಡಿಸೆಂಬರಿನಲ್ಲಿ ಎದುರು ಮನೆಯವರು ನಕ್ಷತ್ರ ಕಟ್ಟಿ ಕೇಕು ಕಳಿಸುತ್ತಾರೆ. ನಿದ್ದೆಯೇ ಮುಖ್ಯ ಎನ್ನುವವರು ಬೇರೆ ಕಡೆ ನೋಡುವುದು ಒಳ್ಳೆಯದು.

ಆದರೆ ಬೆರೆತ ಬಡಾವಣೆ ಎಂದಮಾತ್ರಕ್ಕೆ ಪ್ರತಿ ಮನೆಯೂ ಬೆರೆತಿಲ್ಲ. ಒಂದೇ ಬೀದಿಯಲ್ಲಿ ಒಂದು ಬೋರ್ಡು "ಸಸ್ಯಾಹಾರಿಗಳಿಗೆ ಮಾತ್ರ", ಇನ್ನೊಂದು "ಫ್ಯಾಮಿಲಿ ಓನ್ಲಿ", ಮೂರನೆಯದಕ್ಕೆ ಬೋರ್ಡೇ ಇಲ್ಲ, ಬಾಯಿಮಾತಿನಲ್ಲೇ ತಮ್ಮವರಿಗೆ ಹೋಗುತ್ತದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ. ಖಾಸಗಿಯವರ ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಬಡಾವಣೆಯಲ್ಲಿ ಮನೆ ಮಾಡದಂತೆ ತಡೆಯುವುದು ಮಾತ್ರ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ತಿಳಿದವರು "ಮನೆ ಆಗಲೇ ಮಾತಾಗಿದೆ" ಎಂದಷ್ಟೇ ಹೇಳಿ ಫೋನಿಡುತ್ತಾರೆ.

ನನ್ನ ಸಲಹೆ, ಯಾರಿಗೆ ಇಷ್ಟವಾದರೂ ಆಗದಿದ್ದರೂ: ಸುಳ್ಳು ಹೇಳಿ ಮನೆ ಹಿಡಿಯಬೇಡಿ. ಅದು ನೀತಿಗಾಗಿ ಹೇಳುವ ಮಾತಲ್ಲ. ನನ್ನ ಎರಡನೇ ಮನೆಯ ಪಕ್ಕದ ಪೋರ್ಷನ್ನಿನಲ್ಲಿದ್ದ ಹುಡುಗ ಸಸ್ಯಾಹಾರಿ ಎಂದು ಹೇಳಿ ಬಂದಿದ್ದ. ಭಾನುವಾರ ಮೊಟ್ಟೆ ಬೇಯಿಸಿದರೆ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿನ ಡಬ್ಬಿಗೆ ಹಾಕುತ್ತಿದ್ದ. ಇಪ್ಪತ್ತು ಸಾವಿರ ಕೊಟ್ಟು ಕಳ್ಳನ ಹಾಗೆ ಬದುಕುವುದು ಯಾಕೆ? ಎರಡು ವಾರ ಹೆಚ್ಚು ಹುಡುಕಿದರೆ ಈ ಕಡೆ ನೀವು ಏನು ತಿಂದರೂ ಕೇಳದ ಮನೆ ಸಿಗುತ್ತದೆ. ಮೊದಲ ಫೋನಿನಲ್ಲೇ ನಿಮ್ಮದನ್ನು ನೇರ ಹೇಳಿಬಿಡಿ, ಪೆಟ್ರೋಲಾದರೂ ಉಳಿಯುತ್ತದೆ.

ರೂಮ್‌ಮೇಟ್ ವಿದೇಶದವನು. ತೊಂದರೆ ಇದೆಯಾ?

ತೊಂದರೆಯಿಲ್ಲ, ಕಾಗದವಿದೆ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಮಾಲೀಕರು ಅವರ ವಿವರದ ಫಾರ್ಮನ್ನು (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದದ್ದು) ಆನ್‌ಲೈನಿನಲ್ಲಿ ತುಂಬಬೇಕು. ಬಹಳಷ್ಟು ಮಾಲೀಕರು ವಿದೇಶಿಯರನ್ನು ಬೇಡ ಎನ್ನುವುದಕ್ಕೆ ಕಾರಣ ದ್ವೇಷ ಎಂದೇ ಅಂದುಕೊಳ್ಳಬೇಡಿ, ಕೆಲವರಿಗೆ ಈ ಫಾರ್ಮಿನ ಭಯ. ಕೂತು ತುಂಬಿಕೊಟ್ಟರೆ ಒಪ್ಪಿದವರನ್ನು ಕಂಡಿದ್ದೇನೆ. ದ್ವೇಷದವರೂ ಇದ್ದಾರೆ, ಅವರಿಗೆ ಫಾರ್ಮು ನೆಪ.

ಬ್ರೋಕರ್ ಬೇಕಾ?

ಒಂದು ತಿಂಗಳ ಬಾಡಿಗೆ ಅವರಿಗೆ. ಸಮಯವಿದ್ದರೆ ಎರಡು ಭಾನುವಾರ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಸುತ್ತಿ. ಗೇಟಿಗೆ ತೂಗುಹಾಕಿದ "ಟು ಲೆಟ್" ಬೋರ್ಡಿನ ಮನೆಗಳಲ್ಲಿ ಬಹಳಷ್ಟು ಆ್ಯಪಿಗೆ ಬರುವುದೇ ಇಲ್ಲ. ಮನೆ ನೋಡುವ ಮುಂಚೆಯೇ "ಟೋಕನ್ ಹಾಕಿ, ಗೇಟ್ ಪಾಸಿಗೆ ದುಡ್ಡು ಕಳಿಸಿ" ಎನ್ನುವವರು ಬ್ರೋಕರಲ್ಲ, ಮೋಸಗಾರರು.

ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕಿಕೊಂಡರೆ ಲಾಭವಲ್ಲವೇ?

ಊರಲ್ಲಿ ಜಮೀನು ಭೋಗ್ಯಕ್ಕೆ ಹಾಕಿ ಗೊತ್ತಿರುವವರು ಇದನ್ನು ಕೇಳಿಯೇ ಕೇಳುತ್ತಾರೆ. ನಮ್ಮಮ್ಮನಿಗೂ ಇದೇ ಇಷ್ಟ: "ದುಡ್ಡು ಇಟ್ಟಲ್ಲೇ ಇರುತ್ತೆ, ಬಾಡಿಗೆ ಉಳೀತು." ಹನ್ನೆರಡು ಲಕ್ಷ ಕೊಟ್ಟು ಮೂರು ವರ್ಷ ಇರುವುದು, ಬಿಡುವಾಗ ಹನ್ನೆರಡು ಲಕ್ಷ ವಾಪಸ್. ಇಲ್ಲಿ ಇದಕ್ಕೆ ಲೀಸ್ ಎನ್ನುತ್ತಾರೆ.

ಮಾಲೀಕರ ಕಡೆಯಿಂದ ಲೆಕ್ಕ ನೋಡಿ. ತಿಂಗಳಿಗೆ ಇಪ್ಪತ್ತು ಸಾವಿರ ಬರುವ ಮನೆ, ವರ್ಷಕ್ಕೆ 2.4 ಲಕ್ಷ. ಅದನ್ನು ಬಿಟ್ಟು ಅವರು ನಿಮ್ಮಿಂದ ಹನ್ನೆರಡು ಲಕ್ಷ ತೆಗೆದುಕೊಂಡರೆ, ಅಲ್ಲಿಗೆ ಶೇಕಡಾ ಇಪ್ಪತ್ತರ ಬಡ್ಡಿಗೆ ಸಾಲ ಮಾಡಿದಂತಾಯಿತು. ಬ್ಯಾಂಕು ಅದರ ಅರ್ಧದಷ್ಟು ಬಡ್ಡಿಗೆ ಮನೆ ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ಹಾಗಿದ್ದೂ ನಿಮ್ಮ ಹತ್ತಿರ ಬಂದಿದ್ದಾರೆಂದರೆ, ಬ್ಯಾಂಕು ಯಾಕೆ ಕೊಡಲಿಲ್ಲ? ಆಗಲೇ ಅಡವಿದೆಯೋ? ಆಸ್ತಿಯ ಖಾತೆ ಸರಿಯಿಲ್ಲವೋ? ಮಗಳ ಮದುವೆಯ ಅವಸರ ಎಂಬ ಉತ್ತರವೂ ನಿಜವಿರಬಹುದು, ಆದರೆ ಕೇಳದೆ ಬಿಡಬೇಡಿ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, ಮನೆಯ ಮೇಲೆ ಅಡವು ಇದೆಯೇ ಎಂದು ತೋರಿಸುವ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ. ಇ-ಖಾತೆ ನೋಡಿ, ಅದರಲ್ಲಿರುವ ಹೆಸರಿನವರ ಜೊತೆಯೇ ಕರಾರು ಮಾಡಿ, ವರ್ಷ ಮೀರಿದರೆ ನೋಂದಣಿ ಮಾಡಿಸಿ. ಮಧ್ಯದಲ್ಲಿ ಯಾವುದೋ ಕಂಪನಿ ನಿಂತು "ಮನೆ ನಮ್ಮ ಮ್ಯಾನೇಜ್‌ಮೆಂಟಿನಲ್ಲಿದೆ, ಲೀಸ್ ದುಡ್ಡು ನಮಗೆ ಕೊಡಿ" ಎಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ಮಾಲೀಕರಿಗೆ ತಿಂಗಳ ಬಾಡಿಗೆ, ನಿಮ್ಮಿಂದ ಇಡಿಗಂಟು, ನಡುವಿನವರು ಒಂದು ದಿನ ಬಾಗಿಲು ಹಾಕಿಕೊಂಡು ಹೋಗುವುದು, ಹೀಗೆ ಮೋಸ ಹೋದವರು ಬೆಂಗಳೂರಿನಲ್ಲಿ ಒಬ್ಬಿಬ್ಬರಲ್ಲ. ಬಾಡಿಗೆ ಬರುವುದು ನಿಂತ ಮೇಲೆ ಮಾಲೀಕರು ಮನೆ ಬಿಡಿ ಎನ್ನುತ್ತಾರೆ. ಅವರ ತಪ್ಪೂ ಇರುವುದಿಲ್ಲ.

ಬಾಡಿಗೆದಾರರಿಗೆ ಗೃಹಜ್ಯೋತಿ ಸಿಗುತ್ತಾ?

ಸಿಗುತ್ತದೆ. ಮನೆಗೆ ಪ್ರತ್ಯೇಕ ಮೀಟರು, ಅದರ ಆರ್‌ಆರ್ ನಂಬರು ಇರಬೇಕು, ನಿಮ್ಮ ಆಧಾರ್ ಜೋಡಿಸಬೇಕು, ವಾಸದ ದಾಖಲೆಗೆ ಕರಾರು ಪತ್ರ ಸಾಕು. ಹಳೇ ಬಾಡಿಗೆದಾರರ ಆಧಾರ್ ಇನ್ನೂ ಅಂಟಿಕೊಂಡಿದ್ದರೆ ಡಿ-ಲಿಂಕ್ ಮಾಡಿಸಿಕೊಂಡೇ ಮನೆಯ ಕೀ ತೆಗೆದುಕೊಳ್ಳಿ. ನೀವೂ ಬಿಡುವಾಗ ಅದನ್ನೇ ಮಾಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಪರದಾಟ.

ನಿಜವಾದ ಗುಂಡಿ ಸಬ್‌ಮೀಟರು. ಇಡೀ ಕಟ್ಟಡಕ್ಕೆ ಒಂದೇ ಮೀಟರು, ಮನೆಮನೆಗೆ ಮಾಲೀಕರು ಹಾಕಿಸಿದ ಪುಟ್ಟ ಮೀಟರು, ಯೂನಿಟ್ಟಿಗೆ ಅವರು ಹೇಳಿದ ರೇಟು. ಅಲ್ಲಿ ಗೃಹಜ್ಯೋತಿಯೂ ಇಲ್ಲ, ಬೆಸ್ಕಾಂ ಬಿಲ್ಲೂ ಇಲ್ಲ. ಇಬ್ಬರೇ ಇರುವ ಮನೆಗೂ ಕೆಲವು ಕಡೆ ಸಾವಿರದಷ್ಟು ಕರೆಂಟು ದುಡ್ಡು ಬೀಳುತ್ತದೆ.

ಮನೆ ಹುಡುಕಲು ಒಳ್ಳೆಯ ತಿಂಗಳು ಯಾವುದು?

ಆಷಾಢ. ಧನುರ್ಮಾಸ, ಪಿತೃಪಕ್ಷ ಕೂಡ. ಶೂನ್ಯಮಾಸದಲ್ಲಿ ಗೃಹಪ್ರವೇಶ ಮಾಡದವರು ಹೆಚ್ಚಿರುವ ಬಡಾವಣೆಗಳಲ್ಲಿ ಆಗ ಮನೆ ಖಾಲಿ ಕೂತು ಮಾಲೀಕರು ಮೆತ್ತಗಾಗುತ್ತಾರೆ. ನಮ್ಮ ಕಡೆ ಈ ಯುಕ್ತಿ ಅರ್ಧವೇ ನಡೆಯುವುದು. ಆಷಾಢದ ಲೆಕ್ಕವಿಲ್ಲದವರು ಅಷ್ಟೇ ಸಂಖ್ಯೆಯಲ್ಲಿ ಇರುವುದರಿಂದ ನೀವು ಪಂಚಾಂಗ ನೋಡುತ್ತಾ ಕೂತರೆ ಅವರು ಸಾಮಾನು ಇಳಿಸಿರುತ್ತಾರೆ. ಮೇ ಮತ್ತು ಜೂನ್ ಮಾತ್ರ ಬೇಡ, ಶಾಲೆ ಶುರುವಾಗುವ ಹೊತ್ತಿನಲ್ಲಿ ಎಲ್ಲರೂ ಹುಡುಕುತ್ತಿರುತ್ತಾರೆ.

ಎಚ್‌ಆರ್‌ಎ ತೋರಿಸಬೇಡಿ ಅಂತ ಮಾಲೀಕರು ಹೇಳ್ತಾರೆ.

ಎಚ್‌ಆರ್‌ಎ ಎಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ. ಅದಕ್ಕೆ ತೆರಿಗೆ ವಿನಾಯಿತಿ ಕೇಳುವಾಗ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ನಿಮ್ಮ ಕಂಪನಿ ಮನೆ ಮಾಲೀಕರ ಪ್ಯಾನ್ ಕೇಳುತ್ತದೆ. ಅದು ಅವರಿಗೆ ಇಷ್ಟವಿಲ್ಲ, ಕಾರಣ ಹೇಳಬೇಕಿಲ್ಲ. ಮಾತು ಮುಗಿಸುವ ಮುಂಚೆ, ಅಡ್ವಾನ್ಸ್ ಕೊಡುವ ಮುಂಚೆ ಪ್ಯಾನ್ ಕೇಳಿ. ಆಮೇಲೆ ಕೇಳಿದರೆ ಸಂಬಂಧ ಕೆಡುತ್ತದೆ. ಬಾಡಿಗೆ ತಿಂಗಳಿಗೆ 50,000 ಮೀರಿದರೆ ನೀವೇ ಬಾಡಿಗೆಯಲ್ಲಿ ಶೇಕಡಾ 2 ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರಿಗೆ ಮುಂಚೆ ಇದು ಶೇಕಡಾ 5 ಇತ್ತು.

ಇದ್ದಕ್ಕಿದ್ದಂತೆ "ಮುಂದಿನ ತಿಂಗಳು ಖಾಲಿ ಮಾಡಿ" ಅಂದರೆ?

ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟು. ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನಿನಂತೆ 15 ದಿನ, ಅದಕ್ಕೇ ಎರಡು ತಿಂಗಳು ಎಂದು ಬರೆಸಿಕೊಳ್ಳಿ ಎನ್ನುವುದು. ಕೋರ್ಟಿನ ಆದೇಶವಿಲ್ಲದೆ ನಿಮ್ಮ ಸಾಮಾನು ಹೊರಗಿಡುವ ಹಕ್ಕು ಯಾರಿಗೂ ಇಲ್ಲ. ಆದರೆ ಮೋಟರಿನ ಸ್ವಿಚ್ಚು ಅವರ ಮನೆಯೊಳಗಿದೆ ಎಂಬುದನ್ನೂ ನೆನಪಿಡಿ. ನಾನು ಒಮ್ಮೆ ಕಾನೂನು ಮಾತಾಡಿದೆ. ಮೂರು ದಿನ ಬಕೆಟ್ಟಿನಲ್ಲಿ ನೀರು ಹೊತ್ತೆ. ನಾಲ್ಕನೇ ದಿನ ಕೆಳಗಿಳಿದು, ಮಾಲೀಕರ ಪತ್ನಿಯ ಹತ್ತಿರ "ಅಮ್ಮಾ, ಮಗಳ ಪರೀಕ್ಷೆ ಮುಗೀಲಿ" ಎಂದೆ. ಎರಡು ತಿಂಗಳು ಸಿಕ್ಕಿತು.

ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತಾ?

ಪೂರ್ತಿ ಬಂದದ್ದನ್ನು ನಾನು ನೋಡಿಲ್ಲ. ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡಿಯುವುದು ಇಲ್ಲಿನ ವಾಡಿಕೆ, ನೀವು ಐದು ವರ್ಷ ಇದ್ದರೂ ಸರಿ, ಹತ್ತು ತಿಂಗಳಿದ್ದರೂ ಸರಿ. ಅದರ ಮೇಲೆ ಇನ್ನೂ ಹಿಡಿಯದಂತೆ ನೋಡಿಕೊಳ್ಳುವುದೇ ಕೆಲಸ.

ನನ್ನ ಮೂರನೇ ಮನೆಯ ಮಾಲೀಕರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಖಾಲಿ ಮಾಡುವ ದಿನ ಪೆನ್ಸಿಲ್ ಹಿಡಿದುಕೊಂಡು ಬಂದರು. ಗೋಡೆಯಲ್ಲಿ ಮೊಳೆಯ ತೂತು ಕಂಡಲ್ಲೆಲ್ಲ ಸುತ್ತ ಒಂದು ಸೊನ್ನೆ, ಪಕ್ಕದಲ್ಲಿ ನಂಬರು. ಹಾಲು, ಎರಡು ರೂಮು, ಅಡುಗೆಮನೆ ಮುಗಿಸುವಷ್ಟರಲ್ಲಿ ಇಪ್ಪತ್ತಮೂರಾಯಿತು. ತೂತಿಗೆ ಇನ್ನೂರರಂತೆ 4,600 ಎಂದು ಬಾಯಿಲೆಕ್ಕ ಹೇಳಿದರು. ನಾನು ಮೊಬೈಲು ತೆಗೆದೆ. ಮನೆಗೆ ಬಂದ ದಿನ, ಸಾಮಾನು ಇಳಿಸುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದು ಅವರಿಗೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದೆ. ಅವರು ಕೈಮುಗಿಯುವ ಚಿತ್ರ ಒತ್ತಿ ಉತ್ತರಿಸಿದ್ದೂ ಅಲ್ಲೇ ಇತ್ತು. ಇಬ್ಬರೂ ಕನ್ನಡಕ ಏರಿಸಿ ಒಂದೊಂದೇ ತೂತು ಹೋಲಿಸಿದೆವು. ಹದಿನಾಲ್ಕು ಹಳೆಯವು, ಒಂಬತ್ತು ನಮ್ಮವು. ಅವರು ಹದಿನಾಲ್ಕು ಸೊನ್ನೆಗಳನ್ನು ರಬ್ಬರಿನಿಂದ ತಾವೇ ಅಳಿಸಿ, 1,800 ಮುರಿದುಕೊಂಡು ಚೆಕ್ ಬರೆದರು.

ಕೀ ಕೊಟ್ಟು ಹೊರಡುವಾಗ ಆ ದಿನದ ಮೀಟರ್ ರೀಡಿಂಗಿನ ಫೋಟೋವನ್ನೂ ತೆಗೆದುಕೊಳ್ಳಿ.